ಬೀರು ಮತ್ತು ಬಂಡೆಗಳು

ಮಹಡಿಗೆ ಸಾಗಿಸುವಾಗ ಮೆಟ್ಟಿಲ ತಿರುವಿನಲ್ಲಿ ಬೀರು ಸಿಕ್ಕಿಕೊಂಡ ದಿನದಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. "ಎತ್ತು" ಎಂದವನು ಅಣ್ಣ, "ಇಳಿಸು" ಎಂದವನು ತಮ್ಮ. ಅಂದಿನಿಂದ ಮನೆಮಂದಿಯೆಲ್ಲ ಹೊಟ್ಟೆ ಒಳಗೆಳೆದುಕೊಂಡು ಬೀರುವಿನ ಪಕ್ಕ ನುಸುಳುತ್ತಿದ್ದರು. ಸಾಕಾಗಿ ವಾರಗಿತ್ತಿಯರಿಬ್ಬರೂ ಸೇರಿ, ಇತಿಹಾಸಕ್ಕೂ ಹಿಂದಿನ ಕಲ್ಲುಗಳನ್ನು ತೋರಿಸುವ ಬಸ್ಸಿಗೆ ಗಂಡಂದಿರನ್ನು ಹತ್ತಿಸಿದರು.

"ಕಲ್ಲು ನೋಡೋಕೆ ಅಂಗಡಿ ಮುಚ್ಚಬೇಕಾ? ನಮ್ಮ ಹಿತ್ತಲಲ್ಲಿ ಇಲ್ವಾ ಕಲ್ಲು?" ಎಂದು ಸೈಕಲ್ ಅಂಗಡಿಯ ಅಣ್ಣ ದಾರಿಯುದ್ದಕ್ಕೂ ಗೊಣಗಿದ. ಬಯಲಿಗೆ ಇಳಿದವನೇ ಬಾಯಿ ಮುಚ್ಚಿದ. ಮೂರಾಳೆತ್ತರದ ಬಂಡೆಗಳು ದುಂಡಗೆ ಸುತ್ತುಗಟ್ಟಿ ನಿಂತಿದ್ದವು. ಅವುಗಳ ನೆತ್ತಿಯ ಮೇಲೆ ಅಡ್ಡ ಬಂಡೆಗಳು, ಅದರಾಚೆ ಆಕಾಶ.

"ಆಗ ಚಕ್ರಾನೂ ಇರ್ಲಿಲ್ಲ ಸಾರ್," ಎಂದ ಗೈಡ್. "ಹಗ್ಗ, ದಿಮ್ಮಿ, ನೂರಾರು ಜನ, ಅಷ್ಟೇ."

ಅಣ್ಣನ ಮೈ ಜುಮ್ಮೆಂದಿತು. ಬಂಡೆಯ ಭಾರವನ್ನು ಅವನು ಊಹಿಸಬಲ್ಲ. ಒಬ್ಬ "ಎತ್ತು" ಎಂದಾಗ ಅಷ್ಟೂ ಜನ ಒಟ್ಟಿಗೆ ಎತ್ತಿದ್ದನ್ನು ಮಾತ್ರ ಊಹಿಸಲಾಗಲಿಲ್ಲ.

ಪಕ್ಕದಲ್ಲಿ ತಮ್ಮನೂ ಕತ್ತೆತ್ತಿ, ಬಾಯಿ ತೆರೆದುಕೊಂಡು ನಿಂತಿದ್ದ.

"ಲೋ," ಎಂದ ಅಣ್ಣ, ಬಂಡೆಯಿಂದ ಕಣ್ಣು ಕೀಳದೆ. "ನಾಳೆ ಬೀರು ಹಿಡಿಯೋವಾಗ ನೀನೇ ಹೇಳು. ನೀನು ಹೇಳಿದಾಗ ನಾನು ಎತ್ತುತ್ತೀನಿ."