ಕಾಗದವಿಲ್ಲದ ಓದು

"ನಿಮ್ಮ ಕಾಗದಾ ಎಲ್ಲಾ ಸರಿ ಅವರಿ. ಆದ್ರ ಟೈಪಿಂಗದಾಗ ನಿಮಗಿಂತ ಮ್ಯಾಲ ಮೂರು ಮಂದಿ ಅದಾರ. ಟೈಪಿಸ್ಟ್ ಪೋಸ್ಟ್ ಇರೋದು ಒಂದೇ," ಎನ್ನುತ್ತ ವಿಮಲಾಬಾಯಿ ಫೈಲನ್ನು ರುಖ್ಸಾರಳ ಕಡೆ ಸರಿಸಿದರು. ಅವರು ಬೀದರಿನ ವಿಶ್ವವಿದ್ಯಾಲಯದ ಆಡಳಿತಾಧಿಕಾರಿ.

"ಇರ್ಲಿ ಬಿಡ್ರಿ ಮೇಡಂ," ಎಂದು ರುಖ್ಸಾರ ನಗಲು ನೋಡಿದಳು. ಹಗಲು ಭಾಲ್ಕಿಯ ಝೆರಾಕ್ಸ್ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಲು ಅವಳಿಗೆ ಐದು ವರ್ಷ ಹಿಡಿದಿತ್ತು. ಈ ತಿಂಗಳ ಕೊನೆಗೆ ಆ ಅಂಗಡಿಯೂ ಮುಚ್ಚಲಿತ್ತು.

ಹೊರಗೆ ಬೆಂಚಿನ ಮೇಲೆ ಕೂತಳು. ಎದುರಿನ ಕೋಣೆಯ ಬಾಗಿಲಿಗೆ ಇನ್ನೊಂದು ಕೆಲಸದ ಪ್ರಕಟಣೆ ಅಂಟಿಸಿದ್ದರು: ನಿಜಾಮರ ಕಾಲದ ಜಮೀನು ದಾಖಲೆಗಳ ಯೋಜನೆಗೆ ಸಂಶೋಧನಾ ಸಹಾಯಕರು ಬೇಕು, ಹಳೆಯ ಉರ್ದು ಕೈಬರಹ ಓದಲು ಬರಬೇಕು, ನೇರ ಸಂದರ್ಶನ ಇಂದು ಮಧ್ಯಾಹ್ನ ಒಂದು ಗಂಟೆಯವರೆಗೆ. ಆ ಬರಹವನ್ನು ಅವಳಿಗೆ ಅಜ್ಜ ಮಕ್ಬೂಲ ಕಲಿಸಿದ್ದ. ಔರಾದಿನ ತಹಸೀಲ ಕಚೇರಿಯ ಮುಂದೆ ಕೂತು ಜನರ ಅರ್ಜಿ ಬರೆದುಕೊಡುತ್ತಿದ್ದವನು ಅವನು. ಆದರೆ ಅಜ್ಜನ ಪಾಠಕ್ಕೆ ಅಂಕಪಟ್ಟಿ ಎಲ್ಲಿಂದ ಬರಬೇಕು? ಕಾಗದ ಇಲ್ಲದ್ದನ್ನು ಅರ್ಜಿಯಲ್ಲಿ ಬರೆದರೆ ಸುಳ್ಳು ಹೇಳಿದಂತೆ ಎಂದುಕೊಂಡು ಅವಳು ಈ ಕೆಲಸಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ.

ಪಕ್ಕದ ಮೇಜಿನ ಮೇಲೆ ಜವಾನ ಮಡೆಪ್ಪ ಹಳೆಯ ಹಾಳೆಗಳನ್ನು ಜೋಡಿಸುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಕಾಕಾ, ಉಲ್ಟಾ ಇಟ್ಟೀರಿ."

"ಉಲ್ಟಾ ಅದನೋ ಸೀದಾ ಅದನೋ ಇಲ್ಲಿ ಯಾರಿಗಿ ಗೊತ್ತದ? ಮುಂಜಾನಿಂದ ನಾಕ ಮಂದಿ ಬಂದ್ರು. ಎಲ್ಲಾರೂ ಚಶ್ಮಾ ಒರಸ್ಕೋತ ಹೋದ್ರು."

ರುಖ್ಸಾರ ಹಾಳೆಯನ್ನು ಮೆಲ್ಲಗೆ ತಿರುಗಿಸಿದಳು. "ಮೌಜೆ ಡಾಬಕಾ…"

"ಏ, ನಮ್ಮೂರು!"

"ದಕ್ಷಿಣಕ್ಕ ಮಠದ ಬಾವಿ. ಬಾವಿ ಮ್ಯಾಲ ಎರಡು ಮಾವಿನ ಗಿಡ."

"ಒಂದೇ ಉಳದದ ನೋಡವ್ವಾ! ಇನ್ನೊಂದು ನಮ್ಮ ಕಾಕಾನ ಮದಿವ್ಯಾಗ ಒಲಿಗಿ ಹೋಯ್ತು!" ಮಡೆಪ್ಪ ಕೋಣೆಯ ಕಡೆ ತಿರುಗಿ ಕೂಗಿದ. "ಸಾಹೇಬ್ರ, ಬರ್ರಿ! ಈ ಹುಡಗಿ ಓದ್ಲತ್ತಾಳ!"

ಯೋಜನೆಯ ಪ್ರೊಫೆಸರ್ ಸಿದ್ದೇಶ್ವರ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ಬಂದರು. "ಅರ್ಜಿ ಯಾಕ ಹಾಕಿಲ್ಲಮ್ಮಾ?"

"ಸರ್ಟಿಫಿಕೇಟ್ ಇಲ್ರಿ ಸರ್."

"ನಾ ಎಲ್ಲಿ ಸರ್ಟಿಫಿಕೇಟ್ ಕೇಳೀನಿ? ಓದ್ಲಿಕ್ಕಿ ಬರ್ಬೇಕು ಅಂತ ಅಷ್ಟೇ ಬರದೀನಿ!"

ಗದ್ದಲಕ್ಕೆ ವಿಮಲಾಬಾಯಿಯೂ ಹೊರಗೆ ಬಂದರು. "ಆಕಿ ಡಿಗ್ರಿ ಕಾಗದಾ ನಾ ನೋಡೀನಿ ಸರ್, ಒಂದೂ ಕಮ್ಮಿ ಇಲ್ಲ. ಫಾರ್ಮ್ ತುಂಬಸ್ರಿ, ಇನ್ನಾ ಇಪ್ಪತ್ತು ನಿಮಿಷ ಅದ."

ಫಾರ್ಮ್ ತುಂಬಿ, ಸಿದ್ದೇಶ್ವರ ಪರೀಕ್ಷೆಗೆಂದು ಬಲ್ಲವರಿಂದ ಮೊದಲೇ ಓದಿಸಿಟ್ಟಿದ್ದ ಮೂರು ಹಾಳೆಗಳನ್ನು ಓದಿ ಮುಗಿಸುವಷ್ಟರಲ್ಲಿ ಅವಳ ಕುತ್ತಿಗೆ ಬೆವೆತಿತ್ತು. ಅವರು ವಿಮಲಾಬಾಯಿಯ ಮುಖ ನೋಡಿದರು. ವಿಮಲಾಬಾಯಿ ಹೂಂ ಎಂದು ತಲೆಯಾಡಿಸಿದರು.

"ಸೋಮವಾರದಿಂದ ಬರ್ರಿ ರುಖ್ಸಾರ. ಆರು ತಿಂಗಳಿಂದ ನಿಮ್ಮನ್ನೇ ಹುಡುಕ್ಲತ್ತೀವಿ," ಎಂದರು ಸಿದ್ದೇಶ್ವರ.

"ಖರೇನೇನ್ರಿ? ಇನ್ನೊಮ್ಮಿ ನೋಡ್ರಿ ಸರ್. ಎರಡನೇ ಹಾಳ್ಯಾಗ ಒಂದು ಅಕ್ಷರ ನನಗ ಅನುಮಾನ ಅದ."

"ಏ ಯವ್ವಾ, ಕೆಲಸ ಸಿಕ್ಕ ಮ್ಯಾಲ ತಪ್ಪ ಹುಡುಕಬ್ಯಾಡ!" ಎಂದ ಮಡೆಪ್ಪ. ಎಲ್ಲರೂ ನಕ್ಕರು. ರುಖ್ಸಾರಳಿಗೆ ಆ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ, ಓಢಣಿಯ ಸೆರಗು ಬಾಯಿಗೊತ್ತಿಕೊಂಡಳು.

"ಈ ಡಾಬಕಾದ ಹಾಳಿ ಮುಗಸೇ ಹೋಗ್ತೇನ್ರಿ," ಎಂದಳು ಆಮೇಲೆ.

ಜೀರ್ಣವಾದ ಹಾಳೆ ಹಾರದಿರಲೆಂದು ಸಿದ್ದೇಶ್ವರ ಫ್ಯಾನ್ ಆರಿಸಿದರು. ಸೆಕೆಯಲ್ಲಿ ನಾಲ್ವರೂ ಮೇಜಿನ ಮೇಲೆ ಬಾಗಿದರು. ಅವಳ ಬೆರಳು ಕಾಗದಕ್ಕೆ ತಾಗದಂತೆ ಬಲದಿಂದ ಎಡಕ್ಕೆ, ಹೊಲದಿಂದ ಹೊಲಕ್ಕೆ ಸಾಗಿತು.

"ನಮ್ಮ ಓಣಿ ಬಂತೇನವ್ವಾ?" ಎಂದು ಮಡೆಪ್ಪ ಪಿಸುಗುಟ್ಟಿದ.