ಹುಚ್ಚಯ್ಯನ ಹಸಿರು ಗೋಡೆ

ಮಣ್ಣಿನ ಗೋಡೆ ಕಟ್ಟುವುದರಲ್ಲಿ ಹುಚ್ಚಯ್ಯನನ್ನು ಮೀರಿಸುವವರು ಎನ್. ಬೇಗೂರಿನ ಸುತ್ತ ಹತ್ತು ಹಳ್ಳಿಯಲ್ಲಿ ಯಾರೂ ಇರಲಿಲ್ಲ. ಮಣ್ಣು ನೆನೆಸಿ, ಹುಲ್ಲು ಸೇರಿಸಿ ತುಳಿದು, ಮೊಣಕಾಲೆತ್ತರಕ್ಕೆ ಒಂದು ವರಸೆ ಇಟ್ಟನೆಂದರೆ ಅದು ಒಣಗುವ ತನಕ ಮೇಲೆ ಒಂದು ಹಿಡಿ ಮಣ್ಣನ್ನೂ ಇಡುತ್ತಿರಲಿಲ್ಲ, ಯಾರು ಬೈದರೂ ಅಷ್ಟೆ. ಅವನಿಗಿದ್ದ ಆಸ್ತಿಯೆಂದರೆ ಆ ಹೆಸರೊಂದೇ.

ಊರ ಪಕ್ಕ ಮಣ್ಣಿನ ಗೋಡೆಯ ಹಸಿರು ರೆಸಾರ್ಟ್ ಕಟ್ಟಲು ಬಂದಾಗ ಇಂಜಿನಿಯರ್ ಶೃತಿ ಮನೆ ಬಾಗಿಲಿಗೇ ಬಂದು ಕರೆದಳು. ಆದರೆ ಮೊದಲು ತರಬೇತಿ, ಆಮೇಲೆ ಪರೀಕ್ಷೆ. ಪಾಸಾದವನೇ ಗೋಡೆ ಮುಟ್ಟಬೇಕು. ಸುಸ್ಥಿರತೆ, ಇಂಗಾಲದ ಹೆಜ್ಜೆಗುರುತು, ಸ್ಥಳೀಯ ಸಾಮಗ್ರಿ, ಮರುಬಳಕೆ... ಅಬ್ಬಬ್ಬಾ! ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಕೆಲಸಕ್ಕೇ, ಅಳಿಯ ಅಲ್ಲ ಮಗಳ ಗಂಡ ಅಂದ ಹಾಗೆ, ಇಷ್ಟೊಂದು ಹೆಸರು.

"ಸುಸ್ಥಿರತೆ ಅಂದ್ರೇನು, ಹೇಳಿ?" ಎಂದಳು ಶೃತಿ.

"ಒಣಗಗಂಟ ಕಾಯೋದು ಕಣವ್ವ," ಎಂದ ಹುಚ್ಚಯ್ಯ.

ತಪ್ಪು. ಅವನ ತಮ್ಮನ ಮಗ ಕಿರಣ್‌ಕುಮಾರ್ ಪುಸ್ತಕದಲ್ಲಿದ್ದುದನ್ನು ಅರಳು ಹುರಿದ ಹಾಗೆ ಒಪ್ಪಿಸಿದ. ಅವನು ಒಂದು ದಿನವೂ ಮಣ್ಣು ತುಳಿದವನಲ್ಲ. ಅವನಿಗೆ ಸರ್ಟಿಫಿಕೇಟ್ ಸಿಕ್ಕಿತು, ಹುಚ್ಚಯ್ಯನಿಗೆ ಮಣ್ಣು ಹೊರುವ ಬಾಂಡ್ಲಿ.

ರೆಸಾರ್ಟಿಗೆ ಹಸಿರು ಕಟ್ಟಡವೆಂಬ ಮನ್ನಣೆ ಕೊಡುವ ತಪಾಸಣೆಯವರು ತಿಂಗಳ ಕೊನೆಗೆ ಬರುತ್ತಾರೆಂದು ಕಿರಣ ದಿನಕ್ಕೆ ಮೂರು ವರಸೆ ಏರಿಸತೊಡಗಿದ. ಹುಚ್ಚಯ್ಯನಿಗೆ ತಡೆಯಲಾಗಲಿಲ್ಲ.

"ಬ್ಯಾಡ ಕಣ್ಲಾ, ಅಸಿ ಮ್ಯಾಲೆ ಅಸಿ ಇಕ್ಬ್ಯಾಡ. ಕುಸ್ದು ಬೀಳ್ತದೆ."

"ಸರ್ಟಿಪಿಕೇಟ್ ಇರೋದು ನಂಗಾ, ನಿಂಗಾ? ಸುಮ್ಕೆ ಮಣ್ಣು ಕೊಡು ದೊಡ್ಡಪ್ಪ."

ನಾಲ್ಕನೇ ದಿನ ಗೋಡೆ ಹೊಟ್ಟೆ ಬಿಟ್ಟು ಧೊಪ್ಪೆಂದು ಕುಸಿಯಿತು. ಪುಣ್ಯಕ್ಕೆ ಅಡಿಯಲ್ಲಿ ಯಾರೂ ಇರಲಿಲ್ಲ. ಸ್ಥಳೀಯ ಮಣ್ಣಿಗೆ ಬಲವಿಲ್ಲ ಎಂದು ಶೃತಿ ವರದಿ ಬರೆದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮೈಸೂರಿನಿಂದ ಲಾರಿಗಟ್ಟಲೆ ಸಿಮೆಂಟ್ ಬ್ಲಾಕ್ ಬಂದವು. ವಾರದಲ್ಲಿ ಗೋಡೆ ನಿಂತಿತು.

ಆಗ ಹುಚ್ಚಯ್ಯನಿಗೆ ಮತ್ತೆ ಮರ್ಯಾದೆ ಬಂತು.

"ಯಜಮಾನ್ರೇ, ಇದರ ಮೇಲೆ ತೆಳ್ಳಗೆ ಮಣ್ಣು ಮೆತ್ತಿ. ಬೆರಳ ಗುರುತು ಚೆನ್ನಾಗಿ ಕಾಣ್ಬೇಕು," ಎಂದಳು ಶೃತಿ.

ಆಗುವುದಿಲ್ಲ ಎಂದರೆ ಹುಚ್ಚಯ್ಯನಿಗೆ ನಾಳೆಯಿಂದ ಬಾಂಡ್ಲಿಯೂ ಇಲ್ಲ. ಮೆತ್ತಿದ.

ತಪಾಸಣೆಯವರು ಬಂದರು. ಕನ್ನಡಕದ ಹಿರಿಯರೊಬ್ಬರು ಗೋಡೆ ಸವರಿ, "ಎಂಥಾ ಕೆಲಸ! ಕಟ್ಟಿದವರು ಯಾರು?" ಎಂದರು. ಶೃತಿ ಹುಚ್ಚಯ್ಯನನ್ನು ಮುಂದಕ್ಕೆ ಕರೆದಳು. ಕಿರಣ ತಲೆ ತಗ್ಗಿಸಿ ನಿಂತಿದ್ದ. ಮಣ್ಣಿನ ವಿಷಯದಲ್ಲಿ ಹುಚ್ಚಯ್ಯ ಈವರೆಗೆ ಒಂದು ಸುಳ್ಳನ್ನೂ ಆಡಿದವನಲ್ಲ.

"ನಾನೇ ಸ್ವಾಮಿ," ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಗೈಯನ್ನು ಗೋಡೆಯ ಮೇಲಿಟ್ಟು ನಗಲು ಹೇಳಿ ಫೋಟೊ ತೆಗೆದರು. ಹುಚ್ಚಯ್ಯ ನಕ್ಕ.