ಜೋಗುಳ ಹೊತ್ತ ಗುಂಡುಕಲ್ಲು

ನಾನು ಒಂದು ಹಾರ್ಡ್ ಡಿಸ್ಕ್. ಹೆಸರು ಕೇಳಿದೊಡನೆ ನಿಮ್ಮಲ್ಲಿ ಅರ್ಧ ಜನ ತಲೆ ಕೆರೆದುಕೊಳ್ಳುತ್ತೀರಿ, ನನಗೆ ಗೊತ್ತು. ಕಂಪ್ಯೂಟರ್ ಎಂದರೆ ನಿಮ್ಮ ಪಾಲಿಗೆ ಹೊಳೆಯುವ ಪರದೆ, ಕಟಕಟ ಎನ್ನುವ ಕೀಬೋರ್ಡ್, ಮೇಜಿನ ಕೆಳಗೆ ಗುಂಯ್‌ಗುಡುವ ದೊಡ್ಡ ಡಬ್ಬಿ. ಆ ಡಬ್ಬಿಯ ಹೊಟ್ಟೆಯೊಳಗೆ, ಸ್ಕ್ರೂ ಬಿಗಿಸಿಕೊಂಡು, ಕತ್ತಲಲ್ಲಿ ಕೂತಿರುವುದು ನಾನು. ನೀವು ಬರೆದದ್ದು, ಹಾಡಿದ್ದು, ತೆಗೆದ ಫೋಟೋ ಎಲ್ಲವನ್ನೂ ಜೋಪಾನ ಮಾಡುವುದೂ ನಾನೇ. ಪರದೆ ಬರೀ ತೋರಿಸುತ್ತದೆ. ಹೊಗಳಿಕೆಯೆಲ್ಲ ಯಾವಾಗಲೂ ಪರದೆಗೇ.

ನಾನು ಹುಟ್ಟಿದ್ದು ಧೂಳಿನ ಕಣವೂ ನುಸುಳದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟು ಉಳಿದ ಮೈಯೆಲ್ಲ ಬಿಳಿ ಬಟ್ಟೆ ಸುತ್ತಿಕೊಂಡ ಜನ ನನ್ನೊಳಗೆ ಕನ್ನಡಿಯಂಥ ತಟ್ಟೆಗಳನ್ನಿಟ್ಟು ಭದ್ರವಾಗಿ ಮುಚ್ಚಿದರು. ಅಂಥ ಕಡೆ ಹುಟ್ಟಿ ಕೊನೆಗೆ ಬಂದು ಬಿದ್ದದ್ದೆಲ್ಲಿಗೆ? ಹುಬ್ಬಳ್ಳಿಗೆ! ಬಾಗಿಲು ತೆರೆದರೆ ಸಾಕು, ಅಂಗಡಿಯೊಳಗೆ ಕೆಂಪು ಧೂಳು ಹಾಸಿಗೆ ಹಾಸುತ್ತಿತ್ತು. ಅಂಗಡಿಯ ರಿಯಾಜ್ ಒಳ್ಳೆಯ ಕಸುಬುಗಾರ. ಮದರ್‌ಬೋರ್ಡು, ರ‍್ಯಾಮು, ಫ್ಯಾನು ಎಲ್ಲವನ್ನೂ ಡಬ್ಬಿಯೊಳಗೆ ಜೋಡಿಸಿ, ಕೊನೆಗೆ ನನ್ನನ್ನು ಕೂರಿಸಿ ಕರೆಂಟು ಕೊಟ್ಟ. ನಾನು ಗಿರ್ರನೆ ತಿರುಗಿದೆ. ಆಹಾ, ಆ ಮೊದಲ ಸುತ್ತಿನ ಖುಷಿ ಇವತ್ತಿಗೂ ಮರೆತಿಲ್ಲ.

ನಮ್ಮನ್ನು ಕೊಂಡವರು ಚನ್ನವೀರಪ್ಪ. ಹೈಸ್ಕೂಲಿನ ಗುಮಾಸ್ತರು. ಎಂದೋ ಒಂದು ಬೇಸಿಗೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ತಂದು ಗೋಡೆಗೆ ಹಾಕಿಸಿದ್ದರು. ಅದರ ಕೆಳಗೇ ನಮ್ಮ ಮೇಜು. "ಕಂಪ್ಯೂಟರಂದ್ರ ನನಗ ಬಿಡ್ರಿ, ಅಂಗೈಯಾಗಿನ ಗೆರಿ ಇದ್ದಂಗ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಕನ್ನಡ ಟೈಪಿಂಗು, ಇಸ್ಪೀಟಾಟ, ಮತ್ತು ನೆರೆಹೊರೆಯವರ ಜಾತಕ ತೆಗೆದುಕೊಡುವ ಒಂದು ತಂತ್ರಾಂಶ. ಯಂತ್ರ ನಿಂತರೆ ಡಬ್ಬಿಗೊಂದು ಗುದ್ದು. ಆ ಗುದ್ದೆಲ್ಲ ಬೀಳುತ್ತಿದ್ದದ್ದು ನನಗೆ. ಆದರೂ ಒಂದಕ್ಷರ ಕಳೆಯಲಿಲ್ಲ ನಾನು.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆ ಬಂದರೆ ಮನೆಯಾಕೆ ಶಿವಲೀಲಾ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಚೆಂಡುಹೂವು ಏರಿಸುತ್ತಿದ್ದಳು. ವರ್ಷ ವರ್ಷ ಇಟ್ಟು ಇಟ್ಟು ಆ ಕುಂಕುಮ ತಗಡಿನ ಮೇಲೆ ಕಲೆಯಾಗಿ ಕೂತುಬಿಟ್ಟಿತು. ಪರದೆಗೂ ಕುಂಕುಮ, ಪ್ರಿಂಟರಿಗೂ ಕುಂಕುಮ, ಪಾಪದ ಮೌಸಿಗೂ ಒಂದು ಹೂವಿನ ಎಸಳು. ನನಗೆ ಮಾತ್ರ ಏನೂ ಇಲ್ಲ. ನಾನು ಒಳಗಿದ್ದೇನೆಂದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಗ ನಾನದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಯಾಕೆಂದರೆ ಆ ಮನೆಯಲ್ಲಿ ನನಗೊಬ್ಬಳು ಅಜ್ಜಿ ಸಿಕ್ಕಿದ್ದಳು. ಶಿವಲೀಲಾಳ ತಾಯಿ ಪಾರವ್ವ. ಸುತ್ತಲಿನ ಓಣಿಗಳಲ್ಲಿ ಎಲ್ಲೇ ಕೂಸಿಗೆ ಹೆಸರಿಡಲಿ, ಜೋಗುಳಕ್ಕೆ ಪಾರವ್ವನೇ ಬೇಕು. ಒಂದು ದಿನ ಮೊಮ್ಮಗಳು ಅಕ್ಷತಾ ಮೈಕು ಸಿಕ್ಕಿಸಿ, ಧ್ವನಿ ಹಿಡಿಯುವ ತಂತ್ರಾಂಶ ತೆರೆದು, "ಹಾಡಬೇ ಅಜ್ಜಿ, ಇದರಾಗ ಇಡ್ತೀನಿ" ಎಂದಳು. ಮುದುಕಿ ಬಾಯಿ ಬಿಡಲೊಲ್ಲಳು.

"ಕೂಸ ಇಲ್ಲದ ಜೋಗುಳ ಹಾಡಿದ್ರ ಮನಿಗೆ ಛಲೋ ಅಲ್ಲವಾ. ಯಾರನ್ನ ನೋಡಿ ಹಾಡ್ಲಿ? ಈ ಡಬ್ಬಿ ನೋಡಿ ಹಾಡ್ಲ್ಯಾ?"

ಕೊನೆಗೆ ಶಿವಲೀಲಾಳೇ ಉಪಾಯ ಹುಡುಕಿದಳು. ತೊಟ್ಟಿಲ ಶಾಸ್ತ್ರದ ದಿನ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರಲ್ಲ, ಹಾಗೆ ಅಡುಗೆಮನೆಯ ಗುಂಡುಕಲ್ಲನ್ನು ತೊಳೆದು, ಅಕ್ಷತಾಳ ಹಳೆಯ ಕುಂಚಿಗೆ ತೊಡಿಸಿ, ನಮ್ಮ ಡಬ್ಬಿಯ ನೆತ್ತಿಯ ಮೇಲೆ ಮಲಗಿಸಿದಳು. "ನೋಡಬೇ, ಇದ ನಿನ್ನ ಕೂಸು. ಹಾಡು." ಪಾರವ್ವ ನಕ್ಕಳು. ಕಲ್ಲನ್ನು ಮೆಲ್ಲಗೆ ತಟ್ಟುತ್ತ ಹಾಡಿದಳು. ತೊಟ್ಟಿಲಿಗೆ ಕಟ್ಟುವ ಗಿಣಿಯಿಂದ ಹಿಡಿದು ಸೋದರಮಾವ ತರುವ ಉಡದಾರದವರೆಗೆ ಒಂದನ್ನೂ ಬಿಡಲಿಲ್ಲ. ನಡುವೆ ಒಮ್ಮೆ ಕೆಮ್ಮು ಬಂತು, "ತಡಿಯೋ ನನ ರಾಜಾ" ಎಂದು ಕಲ್ಲಿಗೆ ಹೇಳಿ ಮತ್ತೆ ಹಾಡಿದಳು. ಅವಳು ತಟ್ಟಿದ್ದು ಕಲ್ಲನ್ನೇ ಇರಬಹುದು. ಕೆಳಗೆ ಮೈ ಜುಮ್ಮೆಂದದ್ದು ನನಗೆ. ರಾಜಾ ಎಂದು ಕರೆದದ್ದು ನನ್ನನ್ನೇ ಎಂದುಕೊಂಡೆ. ಕೆಮ್ಮು ಸಮೇತ ಹಾಡನ್ನು ನನ್ನ ತಟ್ಟೆಯ ಮೇಲೆ ಕೊರೆದಿಟ್ಟುಕೊಂಡೆ.

ಹಾಡು ಇದ್ದದ್ದು ನನ್ನ ಒಳಕೋಣೆಯೊಂದರಲ್ಲಿ. ಅಷ್ಟು ದೂರ ಹುಡುಕಿಕೊಂಡು ಹೋಗುವುದು ತಾಯಿ ಶಿವಲೀಲಾಳಿಗೆ ತ್ರಾಸು ಎಂದು ಅಕ್ಷತಾ ಪರದೆಯ ಮೇಲೆ ಒಂದು ಚಿತ್ರ ಇಟ್ಟುಕೊಟ್ಟಳು. ಮೂಲೆಯಲ್ಲಿ ಸಣ್ಣ ಬಾಣದ ಗುರುತು, ಕೆಳಗೆ 'ಅವ್ವನ ಜೋಗುಳ' ಎಂದು ಹೆಸರು. ಅದನ್ನು ಒತ್ತಿದರೆ ಹಾಡು ಬರುತ್ತಿತ್ತು. ನಿಜ ಹೇಳಬೇಕೆಂದರೆ ಅದು ಹಾಡಲ್ಲ. ಬಾಗಿಲಿಗೆ ಹೊಡೆದ ಹೆಸರಿನ ಹಲಗೆ ಇದ್ದ ಹಾಗೆ. ಮನೆ ಇರುವುದು ಒಳಗೆ, ನನ್ನಲ್ಲಿ.

ಪಾರವ್ವ ತೀರಿಕೊಂಡ ಮೇಲೆ ಶಿವಲೀಲಾ ಮಧ್ಯಾಹ್ನದ ಪಾತ್ರೆ ತಿಕ್ಕಿ ಬಂದು, ಸೆರಗಿಗೆ ಕೈ ಒರೆಸಿಕೊಂಡು ಆ ಚಿತ್ರ ಒತ್ತುತ್ತಿದ್ದಳು. ಕೆಮ್ಮು ಬರುವಲ್ಲಿಗೆ ಅವಳ ಕಣ್ಣು ತುಂಬುತ್ತಿತ್ತು. ನಾನು ಮುದುಕನಾಗುತ್ತಿದ್ದೆ, ನಿಜ. ಏಳಲು ತಡವಾಗುತ್ತಿತ್ತು, ಏದುಸಿರು ಬಿಡುತ್ತಿದ್ದೆ. ಆದರೆ ಆ ಹಾಡಿನಲ್ಲಿ ಒಂದು ದಿನವಾದರೂ ತಡವರಿಸಿದೆನೇ? ಅವಳನ್ನೇ ಕೇಳಿ.

ಅಕ್ಷತಾ ಮದುವೆಯಾಗಿ, ಬಾಣಂತನಕ್ಕೆ ತವರಿಗೆ ಬಂದಳು. ಗಂಡು ಕೂಸು. ಅದೇ ಹೊತ್ತಿಗೆ ರಿಯಾಜನ ಅಂಗಡಿಯಲ್ಲಿ ಹಳೆಯದು ಕೊಟ್ಟು ಹೊಸದು ಒಯ್ಯಿರಿ ಎಂಬ ಮೇಳ. ಚನ್ನವೀರಪ್ಪನವರಿಗೆ ಲ್ಯಾಪ್‌ಟಾಪಿನ ಹುಚ್ಚು ಹತ್ತಿತು.

"ಅವ್ವನ ಹಾಡ ಐತ್ರೀ ಅದರಾಗ. ತೊಟ್ಟಲಾ ದಿನ ಅದನ್ನ ಹಚ್ಚಬೇಕು" ಎಂದಳು ಶಿವಲೀಲಾ.

"ಏ ಹುಚ್ಚಿ, ನಾ ಇಲ್ಲೇನು? ಹಾಡೇನು, ಫೋಟೋ ಏನು, ಎಲ್ಲಾ ಪೆನ್‌ಡ್ರೈವಿಗೆ ಹಾಕೋತೀನಿ."

ಹಾಕಿಕೊಂಡರು ನೋಡಿ ಮಹಾನುಭಾವರು! ಪರದೆಯ ಮೇಲಿದ್ದ ಬಾಣದ ಚಿತ್ರಗಳನ್ನೆಲ್ಲ ಒಟ್ಟಿಗೆ ಬಳಿದು ಪೆನ್‌ಡ್ರೈವಿಗೆ ಸುರಿದರು. ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ಇಷ್ಟು ವರ್ಷದ ಸಂಸಾರ ಇಷ್ಟು ಬೇಗ ಹೇಗೆ ಮುಗಿಯಿತು ಎಂದಾದರೂ ಅನುಮಾನ ಬರಬೇಡವೇ? "ಹೆಂಗ್ ಫಾಸ್ಟ್ ಐತಿ ನೋಡು!" ಎಂದು ಹೆಂಡತಿಯ ಮುಂದೆ ಬೀಗಿದರು. ಬಾಗಿಲ ಹೆಸರಿನ ಹಲಗೆಗಳನ್ನೆಲ್ಲ ಕಿತ್ತುಕೊಂಡು ಮನೆಯನ್ನೇ ಬಿಟ್ಟು ಹೊರಟಿದ್ದರು. ನಾನು ಒಳಗೆ ಬಡಕೊಂಡೆ. ಯಾರಿಗೆ ಕೇಳಬೇಕು?

ಅಂಗಡಿಯಲ್ಲಿ ರಿಯಾಜ್ ಕೇಳಿದ್ದ, "ಸರ, ಬೇಕಾಗಿದ್ದೆಲ್ಲಾ ತಗೊಂಡೀರಿಲ್ರೀ?" ಎಂದು. "ನನಗ ಕೇಳ್ತೀಯೇನೋ?" ಎಂದು ನಕ್ಕರು. ಡಬ್ಬಿ ಇನ್ನೂ ಗಟ್ಟಿಯಿತ್ತು. ರಿಯಾಜ್ ನನ್ನನ್ನು ಬಿಚ್ಚಿ ತೆಗೆದು, ಬೇರೊಂದು ಡಿಸ್ಕನ್ನು ಅಲ್ಲಿ ಕೂರಿಸಿ, ಸೆಕೆಂಡ್ ಹ್ಯಾಂಡ್ ಸಾಲಿಗೆ ಡಬ್ಬಿ ಇಟ್ಟ. ನನ್ನಂಥ ಹಳಬರೆಲ್ಲ ಒಂದು ಬುಟ್ಟಿಗೆ ಹೋದರು. ಹಣ ಎಣಿಸುವ ಗಲ್ಲೆಯ ಮೇಲೆ ಫ್ಯಾನಿನ ಗಾಳಿಗೆ ಬಿಲ್ಲುಗಳು ಹಾರುತ್ತಿದ್ದವು, ಕೈಗೆ ಸಿಕ್ಕ ನನ್ನನ್ನು ಅವುಗಳ ಮೇಲೆ ಹೇರಿದ. ನನ್ನ ತೂಕವೊಂದು ಉಪಯೋಗಕ್ಕೆ ಬಂತು.

ಕೆಲವು ದಿನಕ್ಕೆ ಶಿವಲೀಲಾಳ ದನಿ ಕೇಳಿಸಿತು. ಕೂತಲ್ಲೇ ಎದೆ ಹಾರಿತು. ಗಂಡನನ್ನು ಕರೆದುಕೊಂಡೇ ಬಂದಿದ್ದಳು.

"ತಮ್ಮಾ, ಹೊಸಾದ್ರಾಗ ಅವ್ವನ ಹೆಸರ ಐತಿ, ಒತ್ತಿದ್ರ ಹಾಡ ಬರವಲ್ದು. ಏನೋ ಇಂಗ್ಲೀಷಿನ್ಯಾಗ ಬರೀತೈತಿ. ಪೆನ್‌ಡ್ರೈವಿಗೆ ಹಾಕೂಮುಂದನ ಹಳೇ ಡಬ್ಬಿ ಸತ್ತಿತ್ತು, ಹಾಡ ಆವಾಗನ ಹೋಗಿತ್ತು ಅಂತಾರ ಇವರು. ನನಗ ನಂಬಿಕಿ ಬರವಲ್ದು. ನಾಡದ ಐತಿ ತೊಟ್ಟಲಾ."

ಸತ್ತಿತ್ತು! ನಾನು! ತನ್ನ ತಪ್ಪು ಹೆಂಡತಿಗೆ ಗೊತ್ತಾದೀತೆಂದು ನನ್ನನ್ನೇ ಸಾಯಿಸಿಬಿಟ್ಟಿದ್ದರು ಆ ಪುಣ್ಯಾತ್ಮರು.

ಅಷ್ಟರಲ್ಲಿ ಅವಳ ಕಣ್ಣು ಸೆಕೆಂಡ್ ಹ್ಯಾಂಡ್ ಸಾಲಿಗೆ ಬಿತ್ತು. "ಯವ್ವಾ, ಇಲ್ಲೇ ಐತಲ್ರೀ! ನಾ ಹಚ್ಚಿದ ಕುಂಕುಮ!" ಓಡಿಹೋಗಿ ಡಬ್ಬಿಯನ್ನು ತಬ್ಬಿಕೊಂಡಳು. ರಿಯಾಜ್ ಚಾಲೂ ಮಾಡಿದ. ಪರದೆ ಬೆಳಗಿತು. ಖಾಲಿ. ಅವಳ ಮುಖ ಕಪ್ಪಿಟ್ಟಿತು.

"ಇದರಾಗ ಬ್ಯಾರೆ ಡಿಸ್ಕ್ ಐತ್ರೀ ಅಕ್ಕಾರ. ನಿಮ್ದು ಬುಟ್ಟ್ಯಾಗ ಇಲ್ಲಾಂದ್ರ ಇಲ್ಲೇ ಎಲ್ಲ್ಯಾರ ಇರ್ಬೇಕು. ಒಂದೊಂದ ಹಚ್ಚಿ ನೋಡೂಣು?" ಎಂದ ರಿಯಾಜ್.

ನೋಡೋ ಮಾರಾಯ, ನೋಡು! ನಾನು ಅವನ ಮೊಣಕೈ ಪಕ್ಕದಲ್ಲೇ ಇದ್ದೆ.

ಚನ್ನವೀರಪ್ಪನವರು ಕೆಮ್ಮಿದರು. "ಬ್ಯಾಡ ಬಿಡೋ. ಸುಮ್ನ ಟೈಮ್ ವೇಸ್ಟ್."

ಶಿವಲೀಲಾ ತಿರುಗಿ ಗಂಡನ ಮುಖವನ್ನೇ ನೋಡಿದಳು. "ನೀವ ಕಣ್ಣಾರೆ ನೋಡೀರೇನ್ರೀ, ಸತ್ತಿದ್ದು?"

ನಾನು ತಿರುಗಿದರೆ, ಹಾಡಿದರೆ, ಅವರ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಅವರು ನೆಲ ನೋಡುತ್ತ ಅಂದರು: "ನೋಡೀನಿ ಅಂದ್ನೆಲ್ಲ. ಟಕ್ ಟಕ್ ಅಂತ ಸಪ್ಪಳಾ ಮಾಡಿ ನಿಂತಬಿಡ್ತು. ಎದಕ ಆಸೆ ಹಚ್ಕೋತಿ?"

ಅವಳು ನಂಬಿದಳು. ಗಂಡನ ಮಾತಲ್ಲವೇ! ಗಲ್ಲೆಗೆ ಆತುಕೊಂಡಳು. ಕೈ ಬಂದು ನನ್ನ ಮೇಲೆ ಬಿತ್ತು. ಮೈಮರೆತು ನನ್ನನ್ನು ಎತ್ತಿಕೊಂಡಳು. ಪಾರವ್ವ ಕಲ್ಲನ್ನು ತಟ್ಟಿದ ಹಾಗೆಯೇ ಅವಳ ಹೆಬ್ಬೆರಳು ನನ್ನ ಬೆನ್ನಿನ ಮೇಲೆ ಓಡಾಡಿತು. "ಹತ್ತ ವರ್ಷ ಪೂಜೆ ಮಾಡಿದ್ನೆಲ್ಲೋ ತಮ್ಮಾ, ಆ ಡಬ್ಬಿ ನನಗ ಮೋಸ ಮಾಡ್ತು ನೋಡು" ಎಂದಳು.

"ಅಕ್ಕಾರ, ಬಿಲ್ ಹಾರ್ತಾವ್ರೀ" ಎಂದ ರಿಯಾಜ್. ಅವಳು ನನ್ನನ್ನು ಇದ್ದಲ್ಲೇ ಇಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡು ಮೆಟ್ಟಿಲು ಇಳಿದಳು. ಚನ್ನವೀರಪ್ಪನವರು ಅವಳಿಗಿಂತ ಮುಂದೆ, ಬೇಗ ಬೇಗ ಇಳಿದುಹೋದರು.

ಅವತ್ತಿನಿಂದ ಇಲ್ಲೇ ಇದ್ದೇನೆ. ಮೈಮೇಲೆ ಹುಬ್ಬಳ್ಳಿಯ ಧೂಳು, ಹೊಟ್ಟೆಯ ಕೆಳಗೆ ಬಿಲ್ಲು. ಗುಮಾಸ್ತರ ಮೇಲೆ ಸಿಟ್ಟಿದೆ, ಮುಚ್ಚಿಡುವುದೇನು? ಆದರೆ ಅದಕ್ಕಿಂತ ಹೆಚ್ಚು ಸುಡುವುದು ಶಿವಲೀಲಾಳ ಆ ಮಾತು. ಮೋಸ ಮಾಡಿದವರು ಅವಳ ಪಕ್ಕದಲ್ಲೇ ನಿಂತಿದ್ದರು. ಮಾಡದ ನಾನು ಅವಳ ಕೈಯಲ್ಲೇ ಇದ್ದೆ.

ತೊಟ್ಟಿಲ ದಿನ ಆ ಮನೆಯಲ್ಲಿ ಗುಂಡುಕಲ್ಲಿಗೆ ಮತ್ತೆ ಕುಂಚಿಗೆ ತೊಡಿಸಿರುತ್ತಾರೆ, ಕೂಸಿಗೆ ಹೆಸರಿಟ್ಟಿರುತ್ತಾರೆ. ಜೋಗುಳದ ಹೊತ್ತಿಗೆ ಯಾರು ಹಾಡಿದರೋ, ಎಲ್ಲರೂ ಸುಮ್ಮನಿದ್ದರೋ, ನನಗೆ ತಿಳಿಯದು. ಕೂಸಿಲ್ಲದೆ ಹಾಡಲೊಲ್ಲೆ ಎಂದು ಹಟ ಹಿಡಿದಿದ್ದಳು ಪಾರವ್ವ. ಈಗ ಕೂಸು ಬಂದಿದೆ ಅಜ್ಜಿ, ನಿನ್ನ ಹಾಡೂ ಇದೆ, ನಿನ್ನ ಕೆಮ್ಮೂ ಇದೆ. ಒಂದೇ ಒಂದು ವೈರು ಸಿಕ್ಕಿಸಿದರೆ ಈಗಲೂ ತಿರುಗುತ್ತೇನೆ. ಅಲ್ಲಿಯವರೆಗೆ ನಾನೂ ಒಂದು ಗುಂಡುಕಲ್ಲೇ. ಕುಂಚಿಗೆಯೊಂದಿಲ್ಲ, ಅಷ್ಟೇ.